ಸಂತೆಯ ಠಾವು, ಪೇಟೆಯ ಮಳಿಗೆ: ಮೈಸೂರಿನ ಎರಡು ಕಟ್ಟಡಗಳ ಬಾಡಿಗೆ ವ್ಯವಸ್ಥೆಯ ಪರಿಶೀಲನೆ

ಕರ್ನಾಟಕದ ಪಟ್ಟಣಗಳ ಚರಿತ್ರೆಯನ್ನು ಬರೆದವರು ಕೋಟೆ, ಅರಮನೆ, ದೇಗುಲಗಳ ವಿಷಯದಲ್ಲಿ ತೋರಿದ ಆದರವನ್ನು ಪೇಟೆಯ ಮಳಿಗೆಗಳ ವಿಷಯದಲ್ಲಿ ತೋರಿದಂತಿಲ್ಲ. ಮಳಿಗೆಯ ಕಟ್ಟಡವನ್ನು ಯಾರ ಆಳ್ವಿಕೆಯಲ್ಲಿ ಕಟ್ಟಲಾಯಿತು, ಯಾವ ಗಣ್ಯರ ಭೇಟಿಯ ನೆನಪಿಗಾಗಿ ಅದಕ್ಕೆ ಹೆಸರಿಡಲಾಯಿತು ಎಂಬ ಸಂಗತಿಗಳು ಸುಲಭವಾಗಿ ದೊರೆಯುತ್ತವೆ. ಆದರೆ ಅದರೊಳಗಿನ ಒಂದು ಅಂಗಡಿಯಲ್ಲಿ ಕುಳಿತು ಹೂವನ್ನೋ ಪುಸ್ತಕವನ್ನೋ ಮಾರಿದವನು ಯಾವ ಹಕ್ಕಿನಿಂದ ಅಲ್ಲಿ ಕುಳಿತನು, ಆ ಹಕ್ಕಿಗೆ ಪ್ರತಿಯಾಗಿ ಏನನ್ನು ಕೊಟ್ಟನು, ಮೇಲಿನ ತಾರಸಿ ಸೋರಿದಾಗ ಅದನ್ನು ಸರಿಪಡಿಸುವ ಹೊಣೆ ಯಾರದಾಗಿತ್ತು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಮತ್ತು ದೇವರಾಜ ಮಾರುಕಟ್ಟೆಗಳು ನಾಲ್ಕು ವರ್ಷಗಳ ಅಂತರದಲ್ಲಿ, ಒಂದೇ ತಿಂಗಳಿನ ಮಳೆಯ ದಿನಗಳಲ್ಲಿ, ಭಾಗಶಃ ಕುಸಿದ ಮೇಲೆ ಈ ಪ್ರಶ್ನೆಗಳು ಕೇವಲ ಕುತೂಹಲದ ಪ್ರಶ್ನೆಗಳಾಗಿ ಉಳಿದಿಲ್ಲ. ಇಂತಹ ಕಟ್ಟಡಗಳಲ್ಲಿ ಬಾಡಿಗೆಗೆ ಕೊಟ್ಟದ್ದು ಹೆಸರಿಗೆ ಮಳಿಗೆಯಾದರೂ ವಸ್ತುತಃ ಅದು ಸಂತೆಯ ಠಾವಿನ ಹಕ್ಕೇ ಆಗಿ ಮುಂದುವರಿಯಿತು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಸಂತೆಯ ವಿಷಯ. ಹಾವೇರಿ ಜಿಲ್ಲೆಯ ದಕ್ಷಿಣ ಭಾಗದಲ್ಲಿ, ಮಾಸೂರು, ರಟ್ಟೀಹಳ್ಳಿ, ಹಿರೇಕೆರೂರುಗಳ ಸೀಮೆಯಲ್ಲಿ, ಸಂತೆಯ ಪದ್ಧತಿಯನ್ನು ಬಲ್ಲವರಿಗೆ ಒಂದು ಸಂಗತಿ ಪರಿಚಿತವೇ ಆಗಿದೆ. ಸಂತೆಯ ಬಯಲಿನಲ್ಲಿ ಗೋಡೆಯಿಲ್ಲ, ಸೂರಿಲ್ಲ, ಸಂಖ್ಯೆಯನ್ನು ಬರೆದ ಹಲಗೆಯಿಲ್ಲ. ಆದರೂ ಮೆಣಸಿನಕಾಯಿಯವನು ಎಲ್ಲಿ ಕೂಡಬೇಕು, ಬಳೆಗಾರನು ಎಲ್ಲಿ ಹಾಸಬೇಕು, ಸವಣೂರಿನ ಕಡೆಯ ಎಲೆಯ ಬುಟ್ಟಿ ಎಲ್ಲಿ ಇಳಿಯಬೇಕು ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ತಂದೆ ಕುಳಿತ ಠಾವಿನಲ್ಲಿ ಮಗನು ಕೂಡುತ್ತಾನೆ. ಒಂದೆರಡು ವಾರ ಬಾರದಿದ್ದರೂ ಆ ಠಾವು ಅವನದೇ. ಇದಕ್ಕೆ ಪತ್ರವಿಲ್ಲ, ನೆರೆಯವರ ಒಪ್ಪಿಗೆಯೇ ಪತ್ರ. ಪಂಚಾಯಿತಿಯು ಜಕಾತಿಯ ವಸೂಲಿಯನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತದೆ. ಹರಾಜು ಹಿಡಿದ ಗುತ್ತಿಗೆದಾರನು ಸಂತೆಯ ದಿನ ಪ್ರತಿಯೊಬ್ಬನಿಂದಲೂ ಹಣ ಎತ್ತುತ್ತಾನೆ. ಇಲ್ಲಿ ಮೂರು ಲಕ್ಷಣಗಳನ್ನು ಗುರುತಿಸಬೇಕು. ಕೊಡುವ ಹಣ ಅಲ್ಪವಾದುದು, ಮತ್ತು ಅದು ನೆಲದ ಬೆಲೆಗಲ್ಲ, ಆ ದಿನದ ವ್ಯಾಪಾರಕ್ಕೆ ತೆತ್ತ ಸುಂಕ. ಠಾವಿನ ಹಕ್ಕು ರೂಢಿಯಿಂದ ಬಂದುದು, ವಂಶಪಾರಂಪರ್ಯವಾದುದು. ದುರಸ್ತಿಯ ಪ್ರಶ್ನೆಯಂತೂ ಹುಟ್ಟುವುದೇ ಇಲ್ಲ. ಬಯಲಿಗೆ ಎಲ್ಲಿಯ ದುರಸ್ತಿ?

ಈ ಮೂರು ಲಕ್ಷಣಗಳು ಹಳೆಯ ಕಾಲದವು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಸುಂಕಗಳು ಪದೇ ಪದೇ ಬರುತ್ತವೆ. ಅಂಗಡಿಯ ಮೇಲಿನ ತೆರಿಗೆಗೆ ಅಂಗಡಿದೆರೆಯೆಂಬ ಹೆಸರುಂಟು. ದೇವಾಲಯಕ್ಕೆ ದತ್ತಿ ಬಿಡುವಾಗ ಗದ್ದೆ, ತೋಟ, ಗಾಣಗಳ ಜೊತೆಗೆ ಅಂಗಡಿಯನ್ನೂ ಬಿಡುತ್ತಿದ್ದರು. ಮಾಸೂರಿಗೆ ಬಹು ದೂರವಲ್ಲದ ಬಳ್ಳಿಗಾವೆಯಂತಹ ರಾಜಧಾನಿಯಲ್ಲಿ ಸೆಟ್ಟಿಗಳ ಸಂಘಗಳು ತಮ್ಮ ಸರಕುಗಳ ಮೇಲೆ ತಾವೇ ಇಷ್ಟಿಷ್ಟು ಆಯವನ್ನು ದೇವರಿಗೆ ಕಟ್ಟಿಕೊಳ್ಳುತ್ತಿದ್ದವು. ವಿಜಯನಗರದ ಕಾಲಕ್ಕೆ ಬಂದರೆ, ಹೊಸ ಸಂತೆಯನ್ನು ನೆಲೆಗೊಳಿಸಿದವನಿಗೆ ಪಟ್ಟಣಸ್ವಾಮಿತನವನ್ನೂ ಅದಕ್ಕೆ ಸೇರಿದ ಮಾನ್ಯಗಳನ್ನೂ ಕೊಟ್ಟ ಉದಾಹರಣೆಗಳು ದೊರೆಯುತ್ತವೆ. ಅಂದಿನ ಒಡೆತನದ ಕಲ್ಪನೆಯಲ್ಲಿ ಆದಾಯ ತರುತ್ತಿದ್ದುದು ವ್ಯಾಪಾರವೇ ಹೊರತು ಕಟ್ಟಡವಲ್ಲ ಎಂದು ಇದರಿಂದ ಊಹಿಸಬಹುದು.

ಹಂಪಿಯ ವಿರೂಪಾಕ್ಷ ಬಜಾರು ಇದಕ್ಕೆ ಅಪವಾದದಂತೆ ತೋರಬಹುದು. ಅಲ್ಲಿ ಕಲ್ಲಿನ ಕಂಬಗಳ ಮಂಟಪಗಳ ಸಾಲು ಇದೆ. ಸುಮಾರು 1520ರ ವೇಳೆಗೆ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಅಲ್ಲಿನ ಅಗಲವಾದ ಬೀದಿಗಳನ್ನೂ ವರ್ತಕರ ಮನೆಗಳನ್ನೂ ಬಣ್ಣಿಸಿದ್ದಾನೆ. ಆದರೆ ಆ ಮಂಟಪಗಳ ಸಾಲಿಗೂ ಬಾಡಿಗೆಯ ಕರಾರಿಗೂ ಇರುವ ಸಂಬಂಧ ಎಷ್ಟು ತೆಳುವಾದುದೆಂಬುದು ತೀರ ಈಚೆಗೆ ಸ್ಪಷ್ಟವಾಯಿತು. ತಲೆಮಾರುಗಳಿಂದ ಅವುಗಳಲ್ಲಿ ವಾಸವಾಗಿ ವ್ಯಾಪಾರ ಮಾಡುತ್ತಿದ್ದ ಕುಟುಂಬಗಳನ್ನು 2011ರ ಜುಲೈ 29ರಂದು ತೆರವುಗೊಳಿಸಿದಾಗ ಅವರ ಪಕ್ಷದಲ್ಲಿದ್ದ ಮುಖ್ಯ ಆಧಾರವೆಂದರೆ ದೀರ್ಘಕಾಲದ ರೂಢಿ. ಸಂತೆಯಲ್ಲಿ ರೂಢಿಯನ್ನು ನೆರೆಯವನು ಮನ್ನಿಸುತ್ತಾನೆ; ಸರಕಾರದ ಕಡತ ಅದನ್ನು ಮನ್ನಿಸಲೇಬೇಕೆಂಬ ನಿಯಮವಿಲ್ಲ.

ಇನ್ನು ಮೈಸೂರಿಗೆ ಬರೋಣ. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿ ಬಂದ ಮೇಲೆ ಹತ್ತನೆಯ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ ನಗರದ ಮುಖ ಬದಲಾಗತೊಡಗಿತು. ವೈಸರಾಯ್ ಡಫರಿನ್ ಪ್ರಭುವಿನ 1886ರ ಭೇಟಿಯ ನೆನಪಿಗೆ ಚಿಕ್ಕ ಗಡಿಯಾರವೆಂದು ಜನ ಕರೆಯುವ ಗೋಪುರವೂ, ಲ್ಯಾನ್ಸ್‌ಡೌನ್ ಪ್ರಭುವಿನ 1892ರ ಭೇಟಿಯ ನೆನಪಿಗೆ ಆತನ ಹೆಸರಿನ ಮಳಿಗೆಗಳ ಕಟ್ಟಡವೂ ಎದ್ದವು. ಗೋಪುರದಿಂದ ಉತ್ತರಕ್ಕೆ, ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಧನ್ವಂತರಿ ರಸ್ತೆಯವರೆಗೆ ಚಾಚಿಕೊಂಡ ದೇವರಾಜ ಮಾರುಕಟ್ಟೆಯು ಹದಿನೇಳನೆಯ ಶತಮಾನದ ದೊಡ್ಡ ದೇವರಾಜ ಒಡೆಯರ ಹೆಸರನ್ನು ಹೊತ್ತಿದೆ. ಅದರ ಮೂಲವು ಟಿಪ್ಪುವಿನ ಕಾಲದ ವಾರದ ಸಂತೆಯೆಂದು ಪ್ರತೀತಿ. ಕಟ್ಟಡವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹಂತಹಂತವಾಗಿ ಬೆಳೆಯಿತು.

ಎರಡರ ರಚನೆಯಲ್ಲಿಯೂ ಬಾಡಿಗೆಯ ಸ್ವರೂಪದ ಸುಳಿವು ಇದೆ. ಲ್ಯಾನ್ಸ್‌ಡೌನ್ ಕಟ್ಟಡವು ಬೀದಿಗೆ ಮುಖಮಾಡಿದ ಮಳಿಗೆಗಳ ಉದ್ದನೆಯ ಸಾಲು, ಮೇಲೆ ಇನ್ನೊಂದು ಅಂತಸ್ತು. ಕೆಳಗಿನ ಹಳೆಯ ಪುಸ್ತಕದ ಅಂಗಡಿಗಳು ಮೈಸೂರಿನ ವಿದ್ಯಾರ್ಥಿಗಳಿಗೆ ಚಿರಪರಿಚಿತವಾಗಿದ್ದವು. ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು ಓದಿದ ಎಷ್ಟೋ ಮಂದಿ ಆ ಕಟ್ಟಡವನ್ನು ವೈಸರಾಯನ ಹೆಸರಿಗಿಂತ ಪುಸ್ತಕಗಳಿಂದಲೇ ನೆನೆಯುವರು. ದೇವರಾಜ ಮಾರುಕಟ್ಟೆಯಾದರೋ ಎರಡು ಮುಖದ ಕಟ್ಟಡ. ರಸ್ತೆಯ ಕಡೆಗೆ ಕಮಾನಿನ ಕೆಳಗಿನ ಅಂಗಡಿಗಳು. ಒಳಗೆ ಅಂಗಳಗಳ ಸುತ್ತ ಹೂವು, ಹಣ್ಣು, ತರಕಾರಿ, ಅರಿಶಿನ ಕುಂಕುಮ, ಎಲೆ ಅಡಿಕೆಗಳ ಸಾಲುಗಳು. ಮೈಸೂರು ಮಲ್ಲಿಗೆ, ಮೈಸೂರಿನ ವೀಳ್ಯದೆಲೆ, ನಂಜನಗೂಡಿನ ರಸಬಾಳೆಗಳಿಗೆ ಇದೇ ಪ್ರಧಾನ ನೆಲೆ. ಸಾಲುಗಳು ಸರಕಿನ ಹೆಸರಿನಿಂದಲೇ ಗುರುತಾಗುತ್ತವೆಂಬುದನ್ನು ಗಮನಿಸಬೇಕು: ಹೂವಿನವನ ಹಕ್ಕು ಇಷ್ಟು ಅಡಿ ಜಾಗದ ಹಕ್ಕಲ್ಲ, ಹೂವಿನ ಸಾಲಿನಲ್ಲಿ ಕೂಡುವ ಹಕ್ಕು. ಅವನ ಗಿರಾಕಿ ಅವನನ್ನು ಹುಡುಕಿಕೊಂಡು ಬರುವುದಕ್ಕಿಂತ ಹೆಚ್ಚಾಗಿ ಆ ಸಾಲನ್ನು ಹುಡುಕಿಕೊಂಡು ಬರುತ್ತಾನೆ. ಎಂಟುನೂರಕ್ಕೂ ಮಿಕ್ಕಿದ ಅಂಗಡಿಗಳಿದ್ದ ಈ ಮಾರುಕಟ್ಟೆ, ಸಂತೆಯ ಮೇಲೆ ಸೂರನ್ನು ಹೊದಿಸಿದಂತೆ ಇತ್ತೆಂದರೆ ಅತಿಶಯೋಕ್ತಿಯಲ್ಲ.

ಸೂರು ಬಂದೊಡನೆ ಒಡೆಯನೊಬ್ಬನು ಬಂದನು. ಮಾರುಕಟ್ಟೆಯ ಒಡೆತನ ನಗರಸಭೆಯದು, ಮುಂದೆ ಮಹಾನಗರಪಾಲಿಕೆಯದು. ಅಂಗಡಿಯವನು ಅದರ ಬಾಡಿಗೆದಾರ. ಬಾಡಿಗೆಗಳು ಪೇಟೆಯ ದರಕ್ಕಿಂತ ಬಹಳ ಕೆಳಗೆ ಉಳಿದುವೆಂಬುದು ಪಾಲಿಕೆಗಳ ಸಾಮಾನ್ಯ ದೂರು. ಇದಕ್ಕೆ ಬಾಡಿಗೆ ನಿಯಂತ್ರಣದ ಕಾನೂನೇ ಕಾರಣವೆಂದು ಹೇಳುವ ವಾಡಿಕೆಯುಂಟು. ಈ ಅಭಿಪ್ರಾಯವು ಪರೀಕ್ಷೆಗೆ ನಿಲ್ಲುವುದಿಲ್ಲ. ಮುಂಬಯಿ ಕರ್ನಾಟಕದ ಪಟ್ಟಣಗಳಲ್ಲಿ ಜಾರಿಯಲ್ಲಿದ್ದ 1947ರ ಮುಂಬಯಿ ಕಾಯಿದೆಯೂ, ಅದರ ಸ್ಥಾನದಲ್ಲಿ ವಿಶಾಲ ಮೈಸೂರಿಗೆಲ್ಲ ಬಂದ 1961ರ ಬಾಡಿಗೆ ನಿಯಂತ್ರಣ ಕಾಯಿದೆಯೂ ಸರಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಕಟ್ಟಡಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿದ್ದವು. ಖಾಸಗಿ ಮಾಲಿಕನ ಕೈ ಕಟ್ಟಿತ್ತು, ಪುರಸಭೆಯ ಕೈ ಕಟ್ಟಿರಲಿಲ್ಲ. 1974ರಲ್ಲಿ ಬಂದ ಸಾರ್ವಜನಿಕ ಆವರಣಗಳ ಕಾಯಿದೆಯಂತೂ ಅನಧಿಕೃತವಾಗಿ ನೆಲೆಸಿದವರನ್ನು ಸಿವಿಲ್ ನ್ಯಾಯಾಲಯದ ದೀರ್ಘ ಮಾರ್ಗವಿಲ್ಲದೆ ಎಬ್ಬಿಸುವ ಅಧಿಕಾರವನ್ನು ಸಕ್ಷಮ ಅಧಿಕಾರಿಗೆ ಕೊಟ್ಟಿತು. ಅಧಿಕಾರವಿತ್ತು, ಅದನ್ನು ಬಳಸುವ ಮನಸ್ಸು ಇರಲಿಲ್ಲ. ಪಾಲಿಕೆಯ ಸದಸ್ಯನು ಚುನಾವಣೆಯಿಂದ ಬರುವವನು. ಮಾರುಕಟ್ಟೆಯ ಸಾಲುಗಳು ಒಗ್ಗಟ್ಟಿನ ಸಾಲುಗಳು. ಇದಕ್ಕಿಂತ ಆಳವಾದ ಕಾರಣವೂ ಇದೆಯೆಂದು ನಮ್ಮ ಮತ: ಪಾಲಿಕೆಯ ಲೆಕ್ಕದಲ್ಲಿ ಮಾರುಕಟ್ಟೆಯ ಹಣವು ಸಂತೆಯ ಜಕಾತಿಯಂತೆ ಜಮಾ ಆಗುವ ಒಂದು ಬಾಬು ಮಾತ್ರವಾಗಿತ್ತು. ಅದರಲ್ಲಿ ಇಷ್ಟು ಭಾಗ ಆ ಕಟ್ಟಡಕ್ಕೇ ಮರಳಬೇಕೆಂಬ ಕಲ್ಪನೆ ಬೇರೂರಲಿಲ್ಲ.

1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದಾಗ ಖಾಸಗಿ ವಾಣಿಜ್ಯ ಕಟ್ಟಡಗಳ ಪೈಕಿ 14 ಚದರ ಮೀಟರಿಗೆ ಮೀರದ ಅಂಗಡಿಗಳಿಗೆ ಮಾತ್ರ ರಕ್ಷಣೆ ಉಳಿಯಿತು. ಚಿಕ್ಕ ಅಂಗಡಿಯು ಒಂದು ಕುಟುಂಬದ ಜೀವನೋಪಾಯ, ದೊಡ್ಡದು ಬಂಡವಾಳದ ವ್ಯವಹಾರ ಎಂಬ ವಿವೇಕ ಈ ಅಳತೆಯ ಹಿಂದೆ ಇದ್ದಂತೆ ಕಾಣುತ್ತದೆ. ಆದರೆ ದೇವರಾಜ ಮಾರುಕಟ್ಟೆಯಂತಹ ಕಡೆ ಬುಟ್ಟಿಯಿಡುವಷ್ಟೇ ಸ್ಥಳವಿದ್ದವನಿಗೂ ಈ ರಕ್ಷಣೆಯಿಲ್ಲ, ಒಡೆಯನು ಸ್ಥಳೀಯ ಸಂಸ್ಥೆಯಾದ ಕಾರಣ. ಕಾನೂನು ಯಾರನ್ನು ಕಾಯಬೇಕೆಂದು ಹೊರಟಿತೋ ಅವನೇ ಕಾನೂನಿನ ಹೊರಗೆ ಉಳಿದನು.

ಕಾನೂನು ಕೊಡದ ಭದ್ರತೆಯನ್ನು ರೂಢಿ ಕೊಟ್ಟಿತು. ಬಾಡಿಗೆ ಅಲ್ಪ, ಎಬ್ಬಿಸುವವರಿಲ್ಲ, ಮಗನು ತಂದೆಯ ಸ್ಥಾನಕ್ಕೆ ಬರುತ್ತಾನೆ ಎಂದಾದಾಗ ಅಂಗಡಿಯ ಹಕ್ಕಿಗೇ ಒಂದು ಬೆಲೆ ಹುಟ್ಟುತ್ತದೆ. ನಮ್ಮ ಪೇಟೆಗಳಲ್ಲೆಲ್ಲ ಇದು ಪಗಡಿಯೆಂಬ ಹೆಸರಿನಿಂದ ಪ್ರಸಿದ್ಧ. ಹಳೆಯ ಬಾಡಿಗೆದಾರನು ಹೊಸಬನಿಂದ ದೊಡ್ಡ ಮೊತ್ತವನ್ನು ಪಡೆದು ಹಕ್ಕನ್ನು ಬಿಟ್ಟುಕೊಡುವುದು, ಇಲ್ಲವೆ ಒಳಬಾಡಿಗೆಗೆ ಕೊಟ್ಟು ವ್ಯತ್ಯಾಸವನ್ನು ಉಣ್ಣುವುದು. ಆ ಹಣದಲ್ಲಿ ಕಟ್ಟಡದ ಒಡೆಯನಿಗೆ ಬರುವುದೇನೂ ಇಲ್ಲ. ಹೀಗೆ ಮಳಿಗೆಯ ನಿಜವಾದ ಬೆಲೆ ಒಂದು ಕೈಯಲ್ಲಿ, ಮಳಿಗೆಯ ಗೋಡೆ ಇನ್ನೊಂದು ಕೈಯಲ್ಲಿ ಉಳಿಯಿತು. ಬಾಡಿಗೆದಾರನನ್ನು ಇದಕ್ಕಾಗಿ ದೂಷಿಸುವುದು ಸುಲಭ. ಆದರೆ ಹೊಸದಾಗಿ ಬಂದವನು ತನ್ನ ಉಳಿತಾಯವನ್ನೆಲ್ಲ ಸುರಿದು ಆ ಠಾವನ್ನು ಕೊಂಡಿರುತ್ತಾನೆ. ಅವನ ದೃಷ್ಟಿಯಲ್ಲಿ ಅವನು ಬಾಡಿಗೆದಾರನಲ್ಲ, ಕ್ರಯಕ್ಕೆ ಕೊಂಡವನು.

ದುರಸ್ತಿಯ ಪ್ರಶ್ನೆ ಸಿಕ್ಕಿಹಾಕಿಕೊಂಡದ್ದು ಇಲ್ಲಿಯೇ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣವು ಈ ವಿಷಯದಲ್ಲಿ ಮೌನವಾಗಿಲ್ಲ. ಒಡೆಯನು ತಾನು ಮಾಡಬೇಕಾದ ದುರಸ್ತಿಯನ್ನು ತಿಳಿವಳಿಕೆ ಕೊಟ್ಟ ಮೇಲೂ ಯುಕ್ತ ಕಾಲದಲ್ಲಿ ಮಾಡದಿದ್ದರೆ, ಬೇರೆ ಕರಾರಿಲ್ಲದಾಗ, ಬಾಡಿಗೆದಾರನೇ ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ನಿಯಮವು ಸೊಗಸಾಗಿದೆ. ಆದರೆ ತಿಂಗಳಿಗೆ ನೂರು ರೂಪಾಯಿ ಬಾಡಿಗೆಯ ಅಂಗಡಿಯೊಂದನ್ನು ಊಹಿಸಿಕೊಳ್ಳೋಣ. ತಾರಸಿಯ ದುರಸ್ತಿಗೆ ಒಂದು ಲಕ್ಷ ತಗಲಿದರೆ ಬಡ್ಡಿಯನ್ನು ಬಿಟ್ಟರೂ ಅದನ್ನು ಮುರಿದುಕೊಳ್ಳಲು ಎಂಬತ್ತಮೂರು ವರ್ಷ ಬೇಕು. ಬಾಡಿಗೆ ಅಲ್ಪವಾಗಿರುವುದೇ ಈ ಪರಿಹಾರವನ್ನು ನಿಷ್ಫಲಗೊಳಿಸುತ್ತದೆ. ಅದೂ ಅಲ್ಲದೆ ತಾರಸಿಯು ಒಬ್ಬನದಲ್ಲ. ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆಗಳಿಂದ ಕಟ್ಟಿದ ಹಳೆಯ ಸಾಲಿನಲ್ಲಿ ಒಂದು ಮಳಿಗೆಯ ಗೋಡೆ ಪಕ್ಕದ ಮಳಿಗೆಗೂ ಗೋಡೆ, ಒಂದರ ತೊಲೆ ಇನ್ನೊಂದಕ್ಕೂ ಆಧಾರ. ಮಳೆಯ ನೀರು ಹರಿದುಹೋಗುವ ದಾರಿ ಒಂದು ಕಡೆ ಕಟ್ಟಿದರೆ ತೇವವು ಗೋಡೆಯಲ್ಲಿ ಇಳಿದು, ಗೋಡೆಯಲ್ಲಿ ಹುದುಗಿದ ತೊಲೆಯ ತುದಿಯನ್ನು ಯಾರ ಕಣ್ಣಿಗೂ ಬೀಳದಂತೆ ಕೊಳೆಯಿಸುತ್ತದೆ. ಅಂಗಡಿಯವನು ತನ್ನ ಬಾಗಿಲಿಗೆ ಬಣ್ಣ ಬಳಿಸುವನು, ಒಳಗೆ ಹೊಸ ಹಲಗೆಗಳನ್ನು ಹಾಕಿಸುವನು. ತೊಲೆಯ ತುದಿಯನ್ನು ನೋಡುವ ಕೆಲಸ ಯಾವ ಕರಾರಿನಲ್ಲೂ ಯಾರ ಹೆಸರಿನಲ್ಲಿಯೂ ಇರುವುದಿಲ್ಲ.

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಮಡಿದರು. ಅಂಗಡಿಗಳನ್ನು ತೆರವುಗೊಳಿಸಲಾಯಿತು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಕುಸಿಯಿತು. ಅದೂ ಕಟ್ಟಡದ ನವೀಕರಣದ ಕೆಲಸ ನಡೆದಿದ್ದಾಗ. ಬೆಂಗಳೂರಿನಲ್ಲಿಯೂ, ಆಗಿನ ದಂಡು ಪ್ರದೇಶದ ಪುರಸಭೆಯ ಕಮಿಷನರ್ ರಸೆಲ್‌ರ ಹೆಸರಿನಿಂದ 1933ರಲ್ಲಿ ಆರಂಭವಾದ ಶಿವಾಜಿನಗರದ ಮಾರುಕಟ್ಟೆಯಲ್ಲಿ 2012ರ ಫೆಬ್ರವರಿ 25ರಂದು ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟುಹೋದವು. ಬೆಂಕಿಯ ಕಾರಣ ಬೇರೆ, ಕುಸಿತದ ಕಾರಣ ಬೇರೆ. ಆದರೆ ಮರುದಿನ ಬೆಳಿಗ್ಗೆ ಅಂಗಡಿಯವನ ಮುಂದೆ ನಿಂತ ಪ್ರಶ್ನೆ ಎಲ್ಲ ಕಡೆಯೂ ಒಂದೇ: ಅಂಗಡಿ ಹೋದ ಮೇಲೆ ನನ್ನ ಹಕ್ಕು ಉಳಿದಿದೆಯೇ?

ಮೈಸೂರಿನ ಮುಂದಿನ ವಿವಾದವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಓದಬೇಕು. ತಜ್ಞರಲ್ಲಿ ಒಂದು ಪಕ್ಷವು ಕಟ್ಟಡಗಳನ್ನು ದುರಸ್ತಿ ಮಾಡಿ ಉಳಿಸಬಹುದೆಂದಿತು. ಇನ್ನೊಂದು ಪಕ್ಷವು ಕೆಡವಿ ಮತ್ತೆ ಕಟ್ಟುವುದೇ ಕ್ಷೇಮವೆಂದಿತು. ಕೆಡವುವುದನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಗಳನ್ನು ಉಚ್ಚ ನ್ಯಾಯಾಲಯವು 2023ರಲ್ಲಿ ವಜಾ ಮಾಡಿತು. ಇದನ್ನು ಪರಂಪರೆಗೂ ಪ್ರಗತಿಗೂ ನಡೆದ ಜಗಳವೆಂದು ಬಣ್ಣಿಸುವುದುಂಟು. ವರ್ತಕರ ಮಟ್ಟಿಗೆ ಅದು ಹಾಗಿರಲಿಲ್ಲ. ಕಮಾನುಗಳ ಸೌಂದರ್ಯದಲ್ಲಿ ಎಲ್ಲ ವರ್ತಕರಿಗೂ ಸಮಾನ ಆಸಕ್ತಿಯಿತ್ತೆಂದು ತಿಳಿಯಬೇಕಾಗಿಲ್ಲ. ಹಳೆಯ ಗೋಡೆ ನಿಂತಿರುವವರೆಗೆ ಹಳೆಯ ಠಾವೂ ನಿಂತಿರುತ್ತದೆ, ಗೋಡೆ ಬಿದ್ದರೆ ಹೊಸ ಕಟ್ಟಡದಲ್ಲಿ ಹರಾಜು ಕೂಗಬಹುದು ಎಂಬ ಭಯವೇ ಅವರನ್ನು ಹಳೆಯ ಕಟ್ಟಡದ ಪಕ್ಷಕ್ಕೆ ತಂದುದರಲ್ಲಿ ದೊಡ್ಡ ಪಾತ್ರ ವಹಿಸಿರಬೇಕು. ಹರಾಜಾದರೆ ಹೂವಿನ ಸಾಲನ್ನು ಹೂವಿನವನೇ ಹಿಡಿಯುವನೆಂಬ ಭರವಸೆ ಎಲ್ಲಿದೆ?

ಕಾನೂನಿನ ಉತ್ತರ ಭಾಗಶಃ ದೊರೆತಿದೆ. ಕರಾರಿಗೆ ಬಾಡಿಗೆ ಪತ್ರವೆನ್ನದೆ ಪರವಾನಗಿ ಪತ್ರವೆಂದು ಹೆಸರಿಟ್ಟುಕೊಂಡರೆ ಹಕ್ಕು ಹುಟ್ಟುವುದಿಲ್ಲವೆಂಬ ನಂಬಿಕೆ ನಮ್ಮ ಕಚೇರಿಗಳಲ್ಲಿ ಬಹಳ ಕಾಲದಿಂದ ಇದೆ. ದಿಲ್ಲಿಯ ಹೋಟೆಲೊಂದರಲ್ಲಿ ಕ್ಷೌರದ ಅಂಗಡಿ ನಡೆಸುತ್ತಿದ್ದವನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1959ರಲ್ಲಿಯೇ ಪತ್ರದ ಹೆಸರನ್ನಲ್ಲ, ಅದರ ಸಾರವನ್ನು ನೋಡಬೇಕೆಂದು ಹೇಳಿತ್ತು. ಕಟ್ಟಡ ನಾಶವಾದರೆ ಬಾಡಿಗೆಯ ಹಕ್ಕೂ ನಾಶವಾಗುತ್ತದೆಯೇ ಎಂಬ ವಿಷಯದಲ್ಲಿ ಅದೇ ನ್ಯಾಯಾಲಯದ 2001ರ ಮತ್ತು 2003ರ ತೀರ್ಪುಗಳು ಬೇರೆ ಬೇರೆ ದಿಕ್ಕಿಗೆ ಎಳೆದಿದ್ದವು. ಪುರಸಭೆಯೇ ಕೆಡವಿದ್ದ ಕಟ್ಟಡವೊಂದರ ಸಂಬಂಧವಾಗಿ ಮಹಾರಾಷ್ಟ್ರದಿಂದ ಬಂದ ಮೊಕದ್ದಮೆಯಲ್ಲಿ 2014ರಲ್ಲಿ ಮೂವರು ನ್ಯಾಯಾಧೀಶರ ಪೀಠವು ಈ ಭಿನ್ನತೆಯನ್ನು ಪರಿಹರಿಸಿತು. ಬಾಡಿಗೆಯೆಂದರೆ ಕಟ್ಟಡದ ಜೊತೆಗೆ ಅದರ ಕೆಳಗಿನ ನೆಲದ ಮೇಲಿನ ಹಕ್ಕೂ ಹೌದು. ಆದುದರಿಂದ ಕಟ್ಟಡ ಬಿದ್ದ ಮಾತ್ರಕ್ಕೆ ಬಾಡಿಗೆ ಅಳಿಯುವುದಿಲ್ಲ ಎಂಬುದು ಅದರ ನಿರ್ಣಯ. ಸಂತೆಯ ಬಯಲಿನಲ್ಲಿ ಕುಳಿತವನಿಗೆ ಈ ತತ್ತ್ವವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆದರೆ ನೆಲದ ಹಕ್ಕು ಉಳಿಯಿತೆಂದ ಮಾತ್ರಕ್ಕೆ ಸಾಲಿನ ಹಕ್ಕು ಉಳಿಯಿತೆಂದಾಗುವುದಿಲ್ಲ. ಒಂದಂತಸ್ತಿನ ಅಂಗಳವಿದ್ದಲ್ಲಿ ಹಲವು ಅಂತಸ್ತುಗಳ ಕಟ್ಟಡ ಎದ್ದರೆ ಒಂದೇ ತುಂಡು ನೆಲದ ಮೇಲೆ ಹಲವರು, ಒಬ್ಬರ ತಲೆಯ ಮೇಲೊಬ್ಬರು, ಕೂಡಬೇಕಾಗುತ್ತದೆ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ 1970ರ ದಶಕದಲ್ಲಿ ಪಾಲಿಕೆ ಎತ್ತಿಸಿದ ಇಪ್ಪತ್ತೈದು ಅಂತಸ್ತುಗಳ ಯುಟಿಲಿಟಿ ಕಟ್ಟಡದಂತಹ ಕಡೆ ಬಾಡಿಗೆಯನ್ನು ಚದರ ಅಡಿಯಲ್ಲಿ ಅಳೆಯಬಹುದು, ಏಕೆಂದರೆ ಕಚೇರಿಗೆ ಹೋಗುವವನು ಅಂತಸ್ತಿನ ಸಂಖ್ಯೆಯನ್ನು ತಿಳಿದೇ ಹೋಗುತ್ತಾನೆ. ಮಲ್ಲಿಗೆಯ ಮೊಳವನ್ನು ಕೊಳ್ಳುವವನು ಮೆಟ್ಟಿಲು ಹತ್ತುವುದಿಲ್ಲ. ಹಿಂದೆ ನೆಲದ ಮಟ್ಟದಲ್ಲಿದ್ದವನಿಗೆ ಅಷ್ಟೇ ಚದರ ಅಡಿಯನ್ನು ಎರಡನೆಯ ಅಂತಸ್ತಿನಲ್ಲಿ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ, ವ್ಯಾಪಾರ ಹೋಗುತ್ತದೆ. ಪುನರ್ನಿರ್ಮಾಣದ ನಕ್ಷೆಯಲ್ಲಿ ಮೊದಲು ಗುರುತಿಸಬೇಕಾದುದು ಸಾಲುಗಳು: ಯಾವ ಸರಕು, ಯಾವ ಬಾಗಿಲಿನ ಬಳಿ, ಯಾವುದರ ಪಕ್ಕದಲ್ಲಿ ಎಂಬುದು. ಇದಕ್ಕೆ ಬೇಕಾದ ಆಧಾರ ಪಾಲಿಕೆಯ ಮಾರುಕಟ್ಟೆ ವಿಭಾಗದ ಬಾಡಿಗೆ ವಸೂಲಿಯ ದಾಖಲೆಗಳಲ್ಲಿಯೇ ದೊರೆಯಬೇಕು. ಅವುಗಳನ್ನು ಅಂಗಡಿಯ ಸಂಖ್ಯೆ, ಸರಕು, ಹಕ್ಕು ಕೈ ಬದಲಾದ ವರ್ಷ ಇಷ್ಟನ್ನೂ ಕೂಡಿಸಿ ಪಟ್ಟಿಮಾಡುವ ಕೆಲಸವನ್ನು ಕಟ್ಟಡದ ಅಳತೆ ಹಿಡಿಯುವ ಕೆಲಸದ ಜೊತೆಗೇ ನಡೆಸಬೇಕು.